ಹಡಿಲು ಗದ್ದೆಗೆ ಹತ್ತು ಕೈ

'ಕೈ ಕೆಸರಾದರೆ ಬಾಯಿ ಮೊಸರು.' ವರ್ಷಕ್ಕೊಮ್ಮೆಯಾದರೂ ಈ ಗಾದೆಯನ್ನು ಕರಿಹಲಗೆಯ ಮೇಲೆ ಬರೆದು, 'ವಿಸ್ತರಿಸಿ ಬರೆಯಿರಿ' ಎಂದು ಮಕ್ಕಳಿಗೆ ಹೇಳುವುದು ಕನ್ನಡ ಕಲಿಸುವ ನಮ್ಮಂಥವರ ವಾಡಿಕೆ. ಮಕ್ಕಳೂ ವಾಡಿಕೆಯಂತೆ ದುಡಿಮೆಯ ಮಹಿಮೆಯನ್ನು ಹತ್ತು ಸಾಲುಗಳಲ್ಲಿ ಹಾಡಿ ಹೊಗಳುತ್ತಾರೆ. ನಾವೂ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಮುಗಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಮಾಷ್ಟ್ರೇ, ಕೆಸರು ಮಾಡ್ಲಿಕ್ಕೆ ಗದ್ದೆಯೇ ಇಲ್ಲದವರು ಏನು ಮಾಡ್ಬೇಕು?" ತರಗತಿ ನಕ್ಕಿತು. ನಾವೂ ನಕ್ಕು, "ಕುಳಿತುಕೋ" ಎಂದೆವು. ಉತ್ತರ ಗೊತ್ತಿಲ್ಲದಾಗ ಮಾಷ್ಟ್ರುಗಳು ಮಾಡುವ ಕೆಲಸ ಅದೇ ತಾನೆ?

ಆ ಪ್ರಶ್ನೆ 2022ರ ಬೇಸಗೆ ರಜೆಯಲ್ಲಿ ನಮ್ಮ ಮನೆಯಂಗಳಕ್ಕೇ ಬಂದು ನಿಂತಿತು. ಬಂದವರು ಐದು ಮಂದಿ ಹೆಂಗಸರು. ಅವರಲ್ಲೊಬ್ಬಳು ನಮ್ಮ ಹಳೆಯ ವಿದ್ಯಾರ್ಥಿನಿ; ಈಗ ಇಬ್ಬರು ಮಕ್ಕಳ ತಾಯಿ. ಒಬ್ಬರು ಬೀಡಿ ಕಟ್ಟುವವರು, ಒಬ್ಬರು ಹೊಲಿಗೆಯವರು, ಇಬ್ಬರು ಅಡಿಕೆ ಸುಲಿಯಲು ಹೋಗುವವರು. ಐವರಿಗೂ ಇರುವುದು ಮನೆ ನಿಂತ ಹತ್ತು ಸೆಂಟ್ಸ್ ಜಾಗ ಮಾತ್ರ. "ಮಾಷ್ಟ್ರೇ, ನಿಮ್ಮ ಬೈಲಿನ ಗದ್ದೆ ಹಡಿಲು ಬಿದ್ದು ಎಷ್ಟೋ ವರ್ಷ ಆಯ್ತಲ್ಲ. ನಮಗೆ ಬೇಸಾಯ ಮಾಡ್ಲಿಕ್ಕೆ ಕೊಡ್ತೀರಾ?" ಎಂದು ಅವಳು ಕೇಳಿದಳು.

ಓದುಗರಲ್ಲಿ ಮುಚ್ಚಿಡುವುದೇಕೆ? ನಾವು ಹೇಳಿದ ಮಾತು "ನೋಡುವಾ" ಎಂದು. ನಮ್ಮ ಊರಿನಲ್ಲಿ 'ನೋಡುವಾ' ಎಂದರೆ 'ಇಲ್ಲ' ಎಂಬುದರ ಮರ್ಯಾದೆಯ ರೂಪ ಎಂಬುದು ಎಲ್ಲರಿಗೂ ಗೊತ್ತು. ಅವರಿಗೂ ಗೊತ್ತಿತ್ತು. ಚಹಾ ಕುಡಿದು ಎದ್ದು ಹೋದರು.

ಹೆದರಿಕೆಯ ಮೂಲ

ನಮ್ಮ ಆ ಗದ್ದೆ ಒಂದು ಎಕರೆ ಇಪ್ಪತ್ತು ಸೆಂಟ್ಸ್. ತಂದೆಯವರು ಇದ್ದಷ್ಟು ಕಾಲ ಏಣಿಲು, ಸುಗ್ಗಿ ಎರಡು ಬೆಳೆ ಬರುತ್ತಿತ್ತು. ತೋಡಿನಲ್ಲಿ ನೀರು ಹೆಚ್ಚಿದ್ದ ವರ್ಷ ಕೊಳಕೆಯೂ ಆದದ್ದುಂಟು. ಅವರು ಹೋದ ಮೇಲೆ ಆಳು ಸಿಗುವುದಿಲ್ಲ ಎಂಬ ನೆಪ, ಶಾಲೆಯ ಕೆಲಸ ಎಂಬ ನೆಪ. ಹುಣಿ ಕುಸಿಯಿತು, ಜೊಂಡು ಬೆಳೆಯಿತು, ಹಂದಿಗಳಿಗೆ ಮಲಗಲು ಜಾಗವಾಯಿತು. ನಾವು ಮಾಡುವುದಿಲ್ಲ, ಮಾಡುತ್ತೇವೆಂದು ಬಂದವರಿಗೆ ಕೊಡಲು ಮನಸ್ಸಿಲ್ಲ. ಇದು ನಮ್ಮೊಬ್ಬರ ಮನೆಯ ಕತೆಯೂ ಅಲ್ಲ. 1974-75ರಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಇದ್ದ ಭತ್ತದ ಬೇಸಾಯ ಇಂದು 2 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಅಡಿಕೆ, ತೆಂಗು, ರಬ್ಬರುಗಳಿಗೆ ಹೋದ ಗದ್ದೆ ಎಷ್ಟೋ. ಮನೆಕಟ್ಟಡಗಳಿಗೆ ಹೋದದ್ದು ಎಷ್ಟೋ. ಏನೂ ಆಗದೆ ಬರಿದೇ ಬಿದ್ದ ಗದ್ದೆಗಳು ಬೈಲು ಬೈಲುಗಳಲ್ಲಿ ನಮ್ಮ ಕಣ್ಣೆದುರಿಗೇ ಇವೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ ಕೇಳಿದರು: "ಗೇಣಿಗೆ ಕೊಟ್ಟದ್ದು ತಿರುಗಿ ಬಂದದ್ದುಂಟಾ?"

ಈ ಒಂದು ಮಾತಿನಲ್ಲಿ ನಮ್ಮ ಸೀಮೆಯ ಅರ್ಧ ಶತಮಾನದ ಚರಿತ್ರೆ ಅಡಗಿದೆ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಮೂಲಗೇಣಿ, ಚಾಲಗೇಣಿ, ವಾಯಿದೆಗೇಣಿ ಎಂಬ ಮಾತುಗಳು ನಮ್ಮ ಹಿರಿಯರ ಕಡತಗಳ ತುಂಬ ಇವೆ. ಕೇರಳಕ್ಕೆ ಸೇರಿದ ಮೇಲೆ 1963ರ ಭೂಸುಧಾರಣಾ ಕಾನೂನು ಬಂತು. ಅದಕ್ಕೆ ಆದ 1969ರ ತಿದ್ದುಪಡಿಯ ಫಲವಾಗಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ತಲಪಾಡಿಯ ಆಚೆ 1974ರಲ್ಲಿ ಕರ್ನಾಟಕವೂ ಇದೇ ದಾರಿ ಹಿಡಿಯಿತು. ಬೆವರು ಸುರಿಸಿದವನಿಗೆ ನೆಲ ಸಿಕ್ಕಿತು. ಇದು ನ್ಯಾಯ. ತರಗತಿಯಲ್ಲಿ ನಾವು ಈ ಪಾಠವನ್ನು ಹೆಮ್ಮೆಯಿಂದಲೇ ಮಾಡುತ್ತೇವೆ.

ಆದರೆ ಅದೇ ಕಾನೂನಿನ 74ನೆಯ ವಿಧಿ ಮುಂದಕ್ಕೆ ಹೊಸ ಗೇಣಿಯನ್ನು ಹುಟ್ಟಿಸುವುದನ್ನೂ ನಿಷೇಧಿಸಿತು. ದೊಡ್ಡ ಒಡೆಯನ ಕೈಯಿಂದ ಬಡ ಒಕ್ಕಲನ್ನು ಕಾಯಲು ಕಟ್ಟಿದ ಬೇಲಿ ಅದು. ಐವತ್ತು ವರ್ಷಗಳಲ್ಲಿ ಕಾಲ ಬದಲಾಯಿತು. ಇಂದಿನ ಒಡೆಯ ಗುತ್ತಿನ ಯಜಮಾನನಲ್ಲ. ಒಂದೆರಡು ಎಕರೆಯ ಮಾಷ್ಟ್ರು, ಗುಮಾಸ್ತ, ಕೊಲ್ಲಿಯಲ್ಲಿರುವ ಮಗನ ಮುದಿ ತಂದೆ. ಗೇಣಿಗೆ ಕೇಳುವವರು ಆ ಕಾಲದಲ್ಲಿ ನೆಲ ಸಿಗದೆ ಉಳಿದ ಕೂಲಿಯವರ ಮೊಮ್ಮಕ್ಕಳು. ಬೇಲಿಯ ಒಳಗೆ ಬೆಳೆಯಿಲ್ಲ, ಹೊರಗೆ ಕೈಗಳಿಗೆ ಕೆಲಸವಿಲ್ಲ. ಒಬ್ಬರಿಗೆ ಹೆದರಿಕೆ, ಇನ್ನೊಬ್ಬರಿಗೆ ಹಸಿವು. ಎರಡೂ ಸುಳ್ಳಲ್ಲ.

ಒಬ್ಬರಿಗೆ ಆಗದ್ದು ಐವರಿಗೆ

ಹೊಸದಾಗಿ ಬೇಸಾಯಕ್ಕೆ ಇಳಿಯುವವನಿಗೆ ಬೇಕಾದದ್ದು ನೆಲ ಒಂದೇ ಅಲ್ಲ. ಟಿಲ್ಲರ್ ಬೇಕು, ಬೀಜ ಬೇಕು, ಗೊಬ್ಬರಕ್ಕೆ ಕೈಯಲ್ಲಿ ಕಾಸು ಬೇಕು, ನೀರಿನ ಪಾಲು ಬೇಕು, ಯಾವ ನಕ್ಷತ್ರದ ಮಳೆಗೆ ಏನು ಮಾಡಬೇಕೆಂದು ಹೇಳಿಕೊಡುವ ಹಿರಿಯರು ಬೇಕು. ಮನೆತನದ ಕೃಷಿಕನಿಗೆ ಇವೆಲ್ಲ ಹುಟ್ಟಿನಿಂದಲೇ ಬರುತ್ತವೆ. ಹೊಸಬನಿಗೆ ಒಂದೊಂದನ್ನೂ ಸಾಲ ಮಾಡಿ ಕೊಳ್ಳಬೇಕು. ಒಂದು ಬೆಳೆ ಹೋಯಿತೆಂದರೆ ಅವನ ಕತೆಯೂ ಮುಗಿಯಿತು.

ಇದಕ್ಕೆ ಕೇರಳ ಕಂಡುಕೊಂಡ ಒಂದು ದಾರಿ ಕುಟುಂಬಶ್ರೀಯ ಸಂಘಕೃಷಿ. ಕುಟುಂಬಶ್ರೀ ಹುಟ್ಟಿದ್ದು 1998ರಲ್ಲಿ. ನೆರೆಹೊರೆಯ ಹೆಂಗಸರು ವಾರಕ್ಕೊಮ್ಮೆ ಒಟ್ಟು ಕುಳಿತು ಚಿಕ್ಕ ಉಳಿತಾಯ ಮಾಡುವ 'ಅಯಲ್ಕೂಟ್ಟ'ದಿಂದ ಮೊದಲಾದ ಈ ಕೆಲಸ ಮುಂದೆ ಗದ್ದೆಗೂ ಇಳಿಯಿತು. ನಾಲ್ಕರಿಂದ ಹತ್ತು ಮಂದಿ ಒಂದು ಗುಂಪಾಗಿ, ಪರಸ್ಪರ ಜಾಮೀನಿನ ಮೇಲೆ ಬ್ಯಾಂಕಿನಿಂದ ಸಾಲ ಪಡೆದು, ಬೇರೆಯವರ ಪಾಳು ನೆಲದಲ್ಲಿ ಒಟ್ಟಾಗಿ ಬೆಳೆ ತೆಗೆದು ಲಾಭವನ್ನು ಹಂಚಿಕೊಳ್ಳುತ್ತಾರೆ. 2020ರ ಹೊತ್ತಿಗೆ ರಾಜ್ಯದಲ್ಲಿ ಇಂಥ ಸುಮಾರು 70,000 ಗುಂಪುಗಳು, 3 ಲಕ್ಷಕ್ಕೂ ಮಿಕ್ಕಿದ ಹೆಂಗಸರು. ಸ್ವಂತಕ್ಕೆ ನೆಲವಿಲ್ಲದ ಇಷ್ಟೊಂದು ಮಂದಿ ಕೃಷಿಕರೆನಿಸಿಕೊಂಡದ್ದು ಸಣ್ಣ ಮಾತಲ್ಲ.

ಇದರ ಗುಟ್ಟು ಸರಳ. ಒಬ್ಬಳಿಗೆ ಜ್ವರ ಬಂದರೆ ನಾಲ್ವರು ಗದ್ದೆಗೆ ಇಳಿಯುತ್ತಾರೆ. ಕೂಲಿಯಾಳು ಸಿಗದ ದಿನ ತಾವೇ ಆಳುಗಳು. ನಷ್ಟವಾದರೆ ಐದು ಪಾಲು. ಕೃಷಿಭವನದ ಮೆಟ್ಟಿಲು ಹತ್ತುವಾಗ ಒಬ್ಬಂಟಿ ಹೆಂಗಸಿಗೆ ಇರುವ ಸಂಕೋಚ ಐವರು ಒಟ್ಟಾದಾಗ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಡೆಯನ ಹೆದರಿಕೆಯೂ ಕಡಿಮೆಯಾಗುತ್ತದೆ. ಒಬ್ಬ ಒಕ್ಕಲಿಗೆ ನೆಲ ಕೊಡುವುದು ಬೇರೆ. ಪಂಚಾಯತಿನ ಕಣ್ಣೆದುರು, ಹತ್ತು ಮಂದಿಗೆ ಗೊತ್ತಿರುವ ಗುಂಪಿಗೆ ಬೆಳೆಯಿಂದ ಬೆಳೆಗೆ ಕೊಡುವುದು ಬೇರೆ.

ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಕೇರಳದ ಇಂಥ ಗುಂಪುಗಳನ್ನು ಒಂಟಿ ಕುಟುಂಬಗಳ ಬೇಸಾಯದೊಂದಿಗೆ ಹೋಲಿಸಿ ನಡೆಸಿದ ಅಧ್ಯಯನವನ್ನು 2018ರಲ್ಲಿ ಪ್ರಕಟಿಸಿದರು. ಹೆಕ್ಟೇರಿಗೆ ಬಂದ ಉತ್ಪನ್ನದ ಬೆಲೆ ಗುಂಪುಗಳಲ್ಲಿ ಸುಮಾರು 1.8 ಪಟ್ಟು ಇತ್ತು. ಆದರೆ ಗುಂಪುಗಳ ಮೇಲುಗೈ ಕಂಡದ್ದು ಬಾಳೆಯಂಥ ಬೆಳೆಗಳಲ್ಲಿ, ಭತ್ತದಲ್ಲಿ ಅಲ್ಲ. ಭತ್ತಕ್ಕೆ ಒಳ್ಳೆಯ ಗದ್ದೆಯೇ ಬೇಕು. ಪರರಿಗೆ ಕೊಡುವಾಗ ಒಳ್ಳೆಯ ಗದ್ದೆಯನ್ನು ಯಾರು ಕೊಡುತ್ತಾರೆ? ನಾವಾದರೂ ಕೊಟ್ಟೆವೇ?

ಹಂಚಿ ಬದುಕುವುದು ನಮಗೆ ಹೊಸತಲ್ಲ

ಸಂಘಕೃಷಿ ಎಂದ ಕೂಡಲೆ ಇದು ಸರಕಾರದ ಹೊಸ ಯೋಜನೆ ಎಂದು ಮೂಗು ಮುರಿಯುವವರಿದ್ದಾರೆ. ಅವರು ತಮ್ಮ ಅಜ್ಜಂದಿರ ಕಾಲವನ್ನು ಸ್ವಲ್ಪ ನೆನೆಯಬೇಕು. ನೇಜಿ ನೆಡುವ ಕಾಲಕ್ಕೆ ಈ ಮನೆಯವರು ಆ ಮನೆಗೆ, ಆ ಮನೆಯವರು ಈ ಮನೆಗೆ ಮುಯ್ಯಾಳಾಗಿ ಹೋಗುತ್ತಿದ್ದರಲ್ಲವೇ? ಹಣದ ಲೆಕ್ಕವಿಲ್ಲ, ಕೆಲಸಕ್ಕೆ ಕೆಲಸ.

ನೀರಿನ ಮಾತಿಗೆ ಬಂದರೆ ಏತಡ್ಕ ಪರಿಸರದ ಕಟ್ಟಗಳನ್ನೇ ನೋಡಿ. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಊರವರು ಸೇರಿ ಕಲ್ಲು ಮಣ್ಣುಗಳಿಂದ ಕಟ್ಟ ಕಟ್ಟುತ್ತಾರೆ. ಬೇಸಗೆಯ ತೋಟಗಳಿಗೆಲ್ಲ ಆ ನೀರೇ ಆಧಾರ; ಸುತ್ತಲಿನ ಬಾವಿಗಳ ಒರತೆಯೂ ಏರುತ್ತದೆ. ಮಳೆಗಾಲ ಬಂದಾಗ ಕಟ್ಟ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಒಟ್ಟು ಸೇರಬೇಕು. ಒಬ್ಬನಿಂದ ಆಗುವ ಕೆಲಸವಲ್ಲ, ಒಬ್ಬನಿಗಾಗಿ ಮಾಡುವ ಕೆಲಸವೂ ಅಲ್ಲ.

ಬೀಜದ ಮಾತಿಗೆ ನಮ್ಮ ಜಿಲ್ಲೆಯವರೇ ಆದ ಸತ್ಯನಾರಾಯಣ ಬೆಳೇರಿಯವರ ಹೆಸರು ಸಾಕು. 650ಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳನ್ನು ಉಳಿಸಿದ್ದಕ್ಕಾಗಿ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. 'ರಾಜಕಯಮೆ' ಎಂಬ ತಳಿಯನ್ನು ನಾಡಿನ ಆಚೆ ಈಚೆ ಪರಿಚಯಿಸಿದವರೂ ಅವರೇ. ವಿಸ್ತಾರವಾದ ಗದ್ದೆಗಳನ್ನು ಇಟ್ಟುಕೊಂಡು ಮಾಡಿದ ಸಾಧನೆ ಇದಲ್ಲ. ಮಣ್ಣು ತುಂಬಿದ ಚೀಲಗಳಲ್ಲಿ ಒಂದೊಂದೇ ತಳಿಯನ್ನು ಬೆಳೆಸಿ ಕಾಪಾಡಿದವರು ಅವರು. ಬೀಜವನ್ನು ಬಚ್ಚಿಟ್ಟರೆ ಅದು ಹುಳ ಹಿಡಿಯುತ್ತದೆ, ಹಂಚಿದರೆ ಉಳಿಯುತ್ತದೆ. ನೆಲಕ್ಕೂ ಇದೇ ಮಾತು ಸಲ್ಲುತ್ತದೆ ಎಂದರೆ ತಪ್ಪಾಗಲಾರದು.

ಮೂರು ಮಳೆಗಾಲ

'ನೋಡುವಾ' ಎಂದ ನಾವು ಹತ್ತು ದಿನಗಳ ಮೇಲೆ ನಮ್ಮ ಹಳೆಯ ವಿದ್ಯಾರ್ಥಿನಿಯ ಮನೆಗೆ ನಾವೇ ಹೋಗಿ ಗದ್ದೆ ಕೊಡುತ್ತೇವೆಂದು ಹೇಳಿದೆವು. ನಮ್ಮ ಔದಾರ್ಯವೇನೂ ಅಲ್ಲ. ಆ ಹುಡುಗನ ಪ್ರಶ್ನೆ ನಿದ್ದೆ ಕೆಡಿಸುತ್ತಿತ್ತು. ಗೇಣಿಚೀಟು ಬರೆಯುವಂತಿಲ್ಲ. ಇಷ್ಟು ನೆಲದಲ್ಲಿ ಇಂತಿಷ್ಟು ಕಾಲ ಬೇಸಾಯ ಮಾಡಲು ನಮ್ಮ ಒಪ್ಪಿಗೆಯಿದೆ ಎಂದು ಒಂದು ಸಮ್ಮತಿಪತ್ರ ಬರೆದು ವಾರ್ಡ್ ಮೆಂಬರರ ಎದುರು ಸಹಿ ಹಾಕಿದೆವು. ಅಮ್ಮ ಅಂದು ಮಾತಾಡಲಿಲ್ಲ.

ಮೊದಲ ವರ್ಷ ಜೊಂಡು ಕೀಳುವುದಕ್ಕೇ ಅವರಿಗೆ ಇಪ್ಪತ್ತು ದಿನ ಹಿಡಿಯಿತು. ಬಾಡಿಗೆಯ ಟಿಲ್ಲರ್ ಎರಡು ಸಲ ಕೆಸರಿನಲ್ಲಿ ಹೂತುಹೋಯಿತು. ಪೈರು ತೆನೆ ಬಿಡುವ ಹೊತ್ತಿಗೆ ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಮೂರನೆಯ ಒಂದು ಪಾಲನ್ನು ಮಗುಚಿ ಹಾಕಿದವು. ಪರಿಹಾರಕ್ಕೆಂದು ಒಂದು ಕಚೇರಿಗೆ ಹೋದರೆ, ತೀರ್ವೆ ರಶೀದಿ ಯಾರ ಹೆಸರಿನಲ್ಲಿದೆ ಎಂಬುದು ಮೊದಲ ಪ್ರಶ್ನೆ. ರಶೀದಿ ನಮ್ಮ ಹೆಸರಿನಲ್ಲಿ, ಬೆವರು ಅವರದು. ಅರ್ಜಿಯ ನಮೂನೆ ಪೂರ್ತಿ ಮಲೆಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಅವರಲ್ಲಿ ಇಬ್ಬರಿಗೆ ಮಲೆಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಾವು ಕುಳಿತು ಓದಿ ಹೇಳಿದೆವು. ಮೂರು ಸಲ ಅಲೆದ ಮೇಲೆ ಆ ಆಸೆಯನ್ನೇ ಬಿಟ್ಟರು. ಆ ವರ್ಷ ಪ್ರತಿಯೊಬ್ಬರ ಪಾಲಿಗೆ ಬಂದದ್ದು ಮನೆಯ ಊಟಕ್ಕೆ ಕೆಲವು ತಿಂಗಳಿಗಾಗುವಷ್ಟು ಅಕ್ಕಿ. ಕೈಗೆ ಕಾಸು ಇಲ್ಲ. ಹೊಲಿಗೆಯವರು ಗುಂಪು ಬಿಡುವ ಮಾತಾಡಿದರು.

ಎರಡನೆಯ ವರ್ಷ, 2023ರಲ್ಲಿ, ಜೂನ್ ತಿಂಗಳ ಮಳೆ ಕೈಕೊಟ್ಟಿತು. ಹಾಕಿದ ನೇಜಿ ಒಣಗಿತು. ಒಬ್ಬನೇ ಕೃಷಿಕನಾಗಿದ್ದರೆ ಕೈಕಟ್ಟಿ ಕೂರುತ್ತಿದ್ದನೋ ಏನೋ. ಇವರು ಐದು ದಿಕ್ಕಿಗೆ ಹೋಗಿ ಐದು ಮನೆಗಳಲ್ಲಿ ಮಿಕ್ಕ ನೇಜಿಯನ್ನು ಕೇಳಿ ತಂದರು. ಪ್ರತಿಯಾಗಿ ಆ ಮನೆಗಳ ನಾಟಿಗೆ ಮುಯ್ಯಾಳಾಗಿ ಹೋದರು. ಸುಗ್ಗಿಯ ಕಾಲಕ್ಕೆ ಭತ್ತವನ್ನು ಬಿಟ್ಟು ಅಲಸಂಡೆ, ಬೆಂಡೆ, ಮುಳ್ಳುಸೌತೆ, ಹೀರೆ ಹಾಕಿದರು. ಆ ತರಕಾರಿಯ ಹಣ ವಾರವಾರ ಕೈಗೆ ಬಂತು. ಹೊಲಿಗೆಯವರು ಗುಂಪಿನಲ್ಲೇ ಉಳಿದರು.

ಮೂರನೆಯ ಮಳೆಗಾಲದಲ್ಲಿ ಗದ್ದೆ ಪಳಗಿತು. ಹಂದಿಗೆ ಬೇಲಿ ಬಂತು. ಕೊಯ್ಲಾದ ಮೇಲೆ ಒಂದು ಸಂಜೆ ಐವರೂ ಬಂದು ಒಂದು ಮುಡಿ ಅಕ್ಕಿಯನ್ನು ಜಗಲಿಯ ಮೇಲಿಟ್ಟರು. "ಗೇಣಿ ಅಲ್ಲ ಅಮ್ಮ, ಹೊಸ ಅಕ್ಕಿ," ಎಂದಳು ನಮ್ಮ ಹಳೆಯ ವಿದ್ಯಾರ್ಥಿನಿ. ಅಮ್ಮ ಮುಡಿಯ ಹುಲ್ಲನ್ನು ಸವರಿ, "ಮುಡಿ ಕಟ್ಲಿಕ್ಕೆ ಯಾರು ಕಲಿಸಿದ್ದು?" ಎಂದು ಕೇಳಿದರು. ಅವರಲ್ಲಿ ಹಿರಿಯವರಾದ ಬೀಡಿಯ ಅಕ್ಕ, "ನನ್ನ ಅಪ್ಪ ನಿಮ್ಮ ಮನೆಯಲ್ಲೇ ಕಟ್ಟುತ್ತಿದ್ದರಲ್ಲ ಅಮ್ಮ," ಎಂದರು. ಅಮ್ಮ ಒಳಗೆ ಹೋಗಿ ಚಹಾ ತಂದರು.

ಗದ್ದೆ ಹದವಾದ ಮೇಲೆ

ಇಲ್ಲಿಗೆ ಲೇಖನ ಮುಗಿಸಿದರೆ ಓದುಗರಿಗೂ ಸಂತೋಷ, ನಮಗೂ ಗೌರವ. ಆದರೆ ಮಾತು ಇನ್ನೂ ಇದೆ. ಹಡಿಲು ಬಿದ್ದಿದ್ದ ಗದ್ದೆ ಹದವಾದಾಗ ಒಡೆಯನ ಮನಸ್ಸು ಏನಾಗುತ್ತದೆ? ಪಕ್ಕದ ಬೈಲಿನಲ್ಲಿ ಇನ್ನೊಂದು ಗುಂಪು ಎರಡು ವರ್ಷ ಬೆವರು ಸುರಿಸಿ ಜೊಂಡು ಕಿತ್ತು, ಹುಣಿ ಕಟ್ಟಿ, ಮಣ್ಣಿಗೆ ಹಟ್ಟಿಗೊಬ್ಬರ ಉಣಿಸಿದ ಮೇಲೆ ಒಡೆಯ "ಇನ್ನು ನಾವೇ ಮಾಡ್ತೇವೆ" ಎಂದರು. ಬಾಯಿಮಾತಿನ ಒಪ್ಪಂದಕ್ಕೆ ಸಾಕ್ಷಿ ಯಾರು? ಆ ಗುಂಪು ಚದರಿತು. ಸತ್ಯ ಹೇಳುವುದಾದರೆ, ಆ ಯೋಚನೆ ಒಂದು ಕ್ಷಣ ನಮ್ಮ ತಲೆಯಲ್ಲೂ ಹಾದುಹೋಗಿತ್ತು. ಗೇಣಿಗೆ ಕೊಟ್ಟದ್ದು ತಿರುಗಿ ಬರುವುದಿಲ್ಲ ಎಂಬ ಹೆದರಿಕೆ ಒಂದು ಕಡೆ. ಹದ ಮಾಡಿದ ಗದ್ದೆ ಯಾವಾಗ ಕೈಬಿಡುವುದೋ ಎಂಬ ಹೆದರಿಕೆ ಇನ್ನೊಂದು ಕಡೆ. ನಾವು ಮಾತಾಡುವುದು ಮೊದಲನೆಯದರ ಬಗ್ಗೆ ಮಾತ್ರ.

2021ರಲ್ಲಿ ಉಡುಪಿಯ ಕಡೆ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗ ನಮ್ಮಲ್ಲೂ ಹಲವರಿಗೆ ಉತ್ಸಾಹ ಬಂದಿತ್ತು. ಊರವರು, ಸಂಘಸಂಸ್ಥೆಯವರು ಗದ್ದೆಗಿಳಿದು ನೆಟ್ಟರು. 'ಕೇದಾರ ಕಜೆ' ಎಂಬ ಹೆಸರಿನಲ್ಲಿ ಅಕ್ಕಿಯೂ ಬಂತು. ಕೆಸರಿನ ಹಬ್ಬಗಳು ನಮ್ಮ ಜಿಲ್ಲೆಯಲ್ಲೂ ನಡೆದಿವೆ. ಒಳ್ಳೆಯದೇ. ಆಂದೋಲನ ಗದ್ದೆಯನ್ನು ಒಂದು ವರ್ಷ ಹಸುರು ಮಾಡಬಲ್ಲದು. ಆದರೆ ಹೊಸ ಕೃಷಿಕನನ್ನು ಮಾಡಲು ನಾಲ್ಕೈದು ವರ್ಷಗಳ ಭರವಸೆ ಬೇಕು.

ಈ ಭರವಸೆಗೆ ದಾರಿಗಳಿಲ್ಲವೆಂದಲ್ಲ. ಆಂಧ್ರಪ್ರದೇಶವು 2019ರಲ್ಲಿ ಒಂದು ಕಾನೂನು ಮಾಡಿ, ಒಡೆಯನ ಹಕ್ಕಿಗೆ ಭಂಗವಿಲ್ಲದಂತೆ ಹನ್ನೊಂದು ತಿಂಗಳ ಅವಧಿಯ ಸಾಗುವಳಿ ಪತ್ರವನ್ನು ಉಳುವವನಿಗೆ ಕೊಟ್ಟಿತು. ಬೆಳೆಸಾಲ, ವಿಮೆ, ಪರಿಹಾರಗಳಿಗೆ ಆ ಪತ್ರ ಆಧಾರವಾಗಲಿ ಎಂಬುದು ಉದ್ದೇಶ. ಅದಕ್ಕಿಂತ ಮೊದಲು, 2016ರಲ್ಲಿ, ನೀತಿ ಆಯೋಗವೂ ಇಂಥದೊಂದು ಮಾದರಿ ಕಾನೂನನ್ನು ರಾಜ್ಯಗಳ ಮುಂದಿಟ್ಟಿತ್ತು. ದೊಡ್ಡ ಕಂಪೆನಿಗಳು ಇದೇ ಬಾಗಿಲಿನಿಂದ ನುಗ್ಗಬಹುದೆಂಬ ಅಂಜಿಕೆ ಸರಿಯಾದದ್ದೇ. ಹಾಗಾದರೆ ಬಾಗಿಲನ್ನು ಇಂಥ ಗುಂಪುಗಳು ನುಗ್ಗುವಷ್ಟಕ್ಕೆ ಮಾತ್ರ ತೆರೆಯಬಾರದೇ? ನಮ್ಮ ರಾಜ್ಯದಲ್ಲಿ ಬೇಕಾದ ಏರ್ಪಾಡಿನ ಅರ್ಧ ಭಾಗ ಆಗಲೇ ಇದೆ. 2008ರ ಗದ್ದೆ ಸಂರಕ್ಷಣಾ ಕಾನೂನಿನಂತೆ ಪ್ರತಿ ಪಂಚಾಯತಿನಲ್ಲೂ ಅಧ್ಯಕ್ಷರ ಮುಂದಾಳುತನದಲ್ಲಿ, ಕೃಷಿ ಅಧಿಕಾರಿ ಸೇರಿದ ಒಂದು ಸಮಿತಿ ಇರುತ್ತದೆ. ಆ ಸಮಿತಿಯ ಮುಂದೆಯೇ ಒಡೆಯನೂ ಗುಂಪೂ ಕುಳಿತು ಒಂದು ಪತ್ರ ಬರೆಯಲಿ.

ಆ ಪತ್ರದಲ್ಲಿ ಏನಿರಬೇಕು? ನಮ್ಮ ಮೂರು ವರ್ಷಗಳ ಪಾಠ ಇಷ್ಟು: ಜೊಂಡು ಬೆಳೆದ ಗದ್ದೆಯಾದರೆ ಕನಿಷ್ಠ ಐದು ವರ್ಷ. ನಿಲ್ಲಿಸುವುದಿದ್ದರೆ ಒಂದು ಬೆಳೆ ಮುಂಚಿತವಾಗಿ ತಿಳಿಸಬೇಕು. ನಿಂತ ಪೈರಿನ ಮೇಲೆ ಯಾರೂ ಮಾತಾಡಬಾರದು. ಹುಣಿ, ಬೇಲಿಗಳಿಗೆ ಆದ ಖರ್ಚು ಯಾರದೆಂದು ಮೊದಲೇ ಬರೆಯಬೇಕು. ಪರಿಹಾರ ಬಂದರೆ ಅದು ಬೆಳೆದವರಿಗೆ. ನೆಲದ ಹಕ್ಕು ಒಡೆಯನದೇ ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು. ಮತ್ತು ಇದೆಲ್ಲ, ಓದುವವರಿಗೆ ಅರ್ಥವಾಗುವ ಕನ್ನಡದಲ್ಲೂ ಇರಬೇಕು. ಭಾಷಾ ಅಲ್ಪಸಂಖ್ಯಾತರೆಂದು ಸಭೆಗಳಲ್ಲಿ ನಾವು ಗಟ್ಟಿಯಾಗಿ ಕೂಗುತ್ತೇವೆ. ಬೈಲಿನಲ್ಲಿ ನಿಂತ ಹೆಂಗಸಿಗೆ ಒಂದು ಅರ್ಜಿ ಓದಿ ಹೇಳಲು ನಮ್ಮಲ್ಲಿ ಎಷ್ಟು ಮಂದಿಗೆ ಪುರುಸೊತ್ತಿದೆ? ಕನ್ನಡ ಶಾಲೆಯ ಮಾಷ್ಟ್ರುಗಳಾದ ನಾವು ವಾರಕ್ಕೊಂದು ಸಂಜೆ ಇದಕ್ಕೆ ಕೊಟ್ಟರೆ ನಷ್ಟವೇನೂ ಇಲ್ಲ.

ಮೂರು ಮಳೆಗಾಲ ಕಳೆದ ಮೇಲೆ ನಮ್ಮ ಗದ್ದೆಯ ಸಮ್ಮತಿಪತ್ರವನ್ನು ಮತ್ತೆ ಐದು ವರ್ಷಕ್ಕೆ ಬರೆದೆವು. ಈ ಸಲ ಸಾಕ್ಷಿಯ ಜಾಗದಲ್ಲಿ ಅಮ್ಮ ಸಹಿ ಹಾಕಿದರು. ತೋಡಿನ ಬದಿಯ, ನೀರು ನಿಲ್ಲುವ ಒಳ್ಳೆಯ ತುಂಡನ್ನು ಮೊದಲು ನಾವು ಇಟ್ಟುಕೊಂಡಿದ್ದೆವು. ಅದನ್ನೂ ಈಗ ಸೇರಿಸಿದ್ದೇವೆ.

ಗಾದೆಯ ವಿಸ್ತರಣೆಯನ್ನು ನಾವು ಈಗಲೂ ಬರೆಸುತ್ತೇವೆ. ಆದರೆ ಹಲಗೆಯ ಮೇಲೆ ಗಾದೆಯ ಕೆಳಗೆ ಇನ್ನೊಂದು ಪ್ರಶ್ನೆಯನ್ನೂ ಬರೆಯುತ್ತೇವೆ: 'ನಿಮ್ಮ ಮನೆಯ ಹತ್ತಿರ ಹಡಿಲು ಬಿದ್ದ ಗದ್ದೆ ಯಾವುದು? ಅದನ್ನು ಯಾರು ಮಾಡಬಹುದು?' ಮಕ್ಕಳ ಉತ್ತರಗಳಿಗೆ ನಾವು ಅಂಕ ಹಾಕುವುದಿಲ್ಲ. ಪುಸ್ತಕವನ್ನು ಮನೆಗೆ ಒಯ್ದು ಹಿರಿಯರಿಗೆ ಓದಿ ಹೇಳಿರಿ ಎನ್ನುತ್ತೇವೆ.